ಕಲ್ಲುಗಳ ಕುಲಮೂಲ

ಹೊನ್ನಾಳಿ, ನ್ಯಾಮತಿ, ಚನ್ನಗಿರಿಗಳು ಶಿವಮೊಗ್ಗ ಶಿಲಾಪಟ್ಟಿಯ ಸೀಮೆಗಳು. ಜಗಳೂರು ಚಿತ್ರದುರ್ಗ ಪಟ್ಟಿಯ ನೆರೆಯದು. ಇವೆರಡೂ ಪಟ್ಟಿಗಳು ಒಂದೇ ಪ್ರಾಚೀನ ಭೂಭಾಗಕ್ಕೆ ಸೇರಿದವೆಂದು ನಿರ್ಣಯಿಸುವುದು ಹೇಗೆ?

ಶಿಲಾರಸ ಹೆಪ್ಪುಗಟ್ಟುವಾಗ ಮೂಡುವ ಜಿರ್ಕಾನ್ ಹರಳಿನಲ್ಲಿ ಯುರೇನಿಯಂ ಸೆರೆಯಾಗಿ, ನಿಯತಗತಿಯಿಂದ ಸೀಸವಾಗಿ ಮಾರ್ಪಡುತ್ತದೆ; ಇವೆರಡರ ಪ್ರಮಾಣವೇ ಶಿಲೆಯ ಜನ್ಮದಾಖಲೆ. ಚನ್ನಗಿರಿ ತಾಲ್ಲೂಕಿನ ದಾಗಿನಕಟ್ಟೆಯ ಜ್ವಾಲಾಮುಖಿ ಶಿಲೆಗೆ ಹೀಗೆ ದೊರೆತ ವಯಸ್ಸು ಸುಮಾರು 260 ಕೋಟಿ ವರ್ಷ. ಚಿತ್ರದುರ್ಗದ ಗ್ರಾನೈಟಿಗೂ ಹೆಚ್ಚುಕಡಿಮೆ ಅಷ್ಟೇ ಪ್ರಾಯ.

ಆದರೆ ಸಮವಯಸ್ಕರೆಲ್ಲರೂ ಸಹೋದರರಲ್ಲ; ಪೂರ್ವದ ಬಳ್ಳಾರಿಯ ಕಡೆಯೂ ಆ ಕಾಲದ ಶಿಲೆಗಳುಂಟು. ಭೇದ ತಿಳಿಯುವುದು ಬುಡದ ನೈಸ್ ಶಿಲೆಯಿಂದ. ಪಶ್ಚಿಮದಲ್ಲಿ ಅದು ಬಹುಪಾಲು 300 ಕೋಟಿ ವರ್ಷಗಳಿಗೂ ಹಿರಿದು. ಪೂರ್ವದಲ್ಲಿ ಬಹುಪಾಲು 250ರಿಂದ 270 ಕೋಟಿ. ಗಡಿಯನ್ನು ಸಾಮಾನ್ಯವಾಗಿ ಚಿತ್ರದುರ್ಗ ಪಟ್ಟಿಯ ಪೂರ್ವದಂಚಿನಲ್ಲಿ ಎಣಿಸುವುದರಿಂದ ಎರಡು ಪಟ್ಟಿಗಳೂ ಪಶ್ಚಿಮಕ್ಕೇ ಸಲ್ಲುತ್ತವೆ.

ಮೇಲ್ನೋಟದ ಹೋಲಿಕೆಯನ್ನು ನಂಬದೆ ಮೂಲವನ್ನು ಶೋಧಿಸಬೇಕೆಂಬ ಪಾಠವನ್ನು ನಮ್ಮ ವಿದ್ಯಾರ್ಥಿಗಳು ಕಾಲಡಿಯ ಕಲ್ಲಿನಿಂದಲೇ ಕಲಿಯಬಹುದು.