ಗರಿ ಉದುರಿಸುವ ಹೇಂಟೆಯೂ ಬರಿದಾದ ಮೊಟ್ಟೆಯ ಬುಟ್ಟಿಯೂ

ಆಶ್ವಯುಜ ಮಾಸವು ಬಂದಿತೆಂದರೆ ನಮ್ಮ ಸೀಮೆಯ ಹಿತ್ತಿಲುಗಳಿಂದ ಒಂದು ದೂರು ಕೇಳಿಬರುವುದು. ನಿನ್ನೆ ಮೊನ್ನೆಯವರೆಗೆ ಚೆನ್ನಾಗಿ ಮೊಟ್ಟೆಯಿಡುತ್ತಿದ್ದ ಹೇಂಟೆಗಳು ಮೊದಲು ದಿನ ಬಿಟ್ಟು ದಿನ, ಬಳಿಕ ವಾರಕ್ಕೊಂದು, ಕಡೆಗೆ ಒಂದೂ ಇಲ್ಲವೆಂಬಂತೆ ಬುಟ್ಟಿಯನ್ನು ಬರಿದುಮಾಡುತ್ತವೆ. ಗೂಡಿನ ತುಂಬ ಗರಿ, ಕುತ್ತಿಗೆ ಬೋಳು, ಬಾಲವಿದ್ದ ಸ್ಥಳದಲ್ಲಿ ನಾಲ್ಕು ಮೊಂಡು ಕಡ್ಡಿಗಳು. ಇಂಥ ಕೋಳಿಯನ್ನು ಕಂಡವರು ರೋಗ ತಗಲಿತೆಂದೋ ಮುಪ್ಪಡಸಿತೆಂದೋ ತಿಳಿದು ಸಿಕ್ಕ ಬೆಲೆಗೆ ಮಾರಿಬಿಡುವುದು ಸಾಮಾನ್ಯವಾಗಿದೆ.

ಕೆಲವು ವರ್ಷಗಳ ಹಿಂದೆ ದೇವಸಮುದ್ರದ ಕಡೆಯಿಂದ ಬಂದು ನಮ್ಮ ಬೋರ್ಡಿಂಗಿನಲ್ಲಿದ್ದ ಹುಡುಗಿಯೊಬ್ಬಳ ತಾಯಿಯು ಕಾರ್ತಿಕ ಮಾಸದಲ್ಲಿ ಮಗಳನ್ನು ನೋಡಲು ಬಂದಿದ್ದರು. ಆ ಹುಡುಗಿಯ ನೋಟುಬುಕ್ಕು, ಸಾಬೂನು, ಬಸ್ಸಿನ ದುಡ್ಡು ಇವೆಲ್ಲವೂ ಐದು ಹೇಂಟೆಗಳ ಮೊಟ್ಟೆಯಿಂದಲೇ ಹುಟ್ಟುತ್ತಿದ್ದವು. ಶೇಂಗಾ ಬೆಳೆಯ ಹಣವು ಮನೆಯ ಯಜಮಾನರ ಕೈಗೆ ಹೋಗುವುದು. ಕೋಳಿಯ ಹಣವು ಮಾತ್ರ ತಾಯಿಯದು. "ಗರಿ ಉದುರಿದ ಕೋಳಿ ಇನ್ನು ಮೊಟ್ಟೆ ಇಡಲ್ಲ ಅಂತ ಹೇಳಿದ್ರು, ಅಮ್ಮೋರೆ. ಐದನ್ನೂ ಕೊಟ್ಬಿಟ್ಟೆ," ಎಂದು ಅವರು ಹೇಳಿದಾಗ ನಾವು ಮರುನುಡಿಯಲಿಲ್ಲ. ಏಕೆಂದರೆ ನಮ್ಮ ಬೋರ್ಡಿಂಗಿನ ಹಿತ್ತಿಲಲ್ಲಿ ನಾವೂ ಒಮ್ಮೆ ಇದೇ ತಪ್ಪನ್ನು ಮಾಡಿದ್ದೆವು. ನೋಡಲು ಕೆಟ್ಟದಾಗಿದ್ದ ಎರಡು ಕೋಳಿಗಳನ್ನು ಅಡಿಗೆಮನೆಗೆ ಕೊಟ್ಟು, ಮೈತುಂಬ ನುಣುಪಾದ ಗರಿಯಿದ್ದವುಗಳನ್ನು ಉಳಿಸಿಕೊಂಡೆವು. ಕ್ರಿಸ್ಮಸ್ ಹಬ್ಬದ ಕೇಕಿಗೆ ಮೊಟ್ಟೆಯನ್ನು ಅಂಗಡಿಯಿಂದ ತರಿಸಬೇಕಾಯಿತು. ಅಂದಿನಿಂದ ಈ ವಿಷಯವು ನಮ್ಮ ಪ್ರಕೃತಿಪಾಠಗಳಲ್ಲಿ ಒಂದಾಗಿದೆ. ಅದನ್ನೇ ಇಲ್ಲಿ ಹಳೆಯ ವಿದ್ಯಾರ್ಥಿನಿಯರಿಗೂ ಪೋಷಕರಿಗೂ ಒಪ್ಪಿಸುತ್ತೇವೆ.

ಬೆಳೆದ ಕೋಳಿಯು ಸಾಮಾನ್ಯವಾಗಿ ವರ್ಷಕ್ಕೊಮ್ಮೆ ತನ್ನ ಹಳೆಯ ಗರಿಗಳನ್ನು ಬಿಟ್ಟು ಹೊಸತನ್ನು ತಳೆಯುವುದು. ಗರಿಯು ನಮ್ಮ ಕೂದಲಿನಂತೆ ಬೆಳೆಯುತ್ತಲೇ ಇರತಕ್ಕದ್ದಲ್ಲ. ಒಮ್ಮೆ ಬೆಳೆದು ಮುಗಿದ ಮೇಲೆ ಅದು ಜೀವವಿಲ್ಲದ ವಸ್ತು. ಸವೆದರೆ ಬದಲಾಯಿಸುವುದೊಂದೇ ಉಪಾಯ. ತಲೆ ಕುತ್ತಿಗೆಗಳಿಂದ ಆರಂಭವಾಗಿ, ಎದೆ, ಬೆನ್ನು, ರೆಕ್ಕೆ, ಬಾಲ ಎಂಬೀ ಕ್ರಮದಲ್ಲಿ ಈ ಕಾರ್ಯವು ಸಾಗುವುದು.

ಈ ಸಮಯದಲ್ಲಿ ಮೊಟ್ಟೆ ಏಕೆ ನಿಲ್ಲಬೇಕು? ಇದಕ್ಕೆ ನಾವು ತರಗತಿಯಲ್ಲಿ ಒಂದು ಲೆಕ್ಕವನ್ನು ಮಾಡಿಸುತ್ತೇವೆ. ಒಂದೂವರೆ ಕಿಲೋ ತೂಗುವ ಹೇಂಟೆಯ ಮೈಮೇಲೆ ಸುಮಾರು 75 ಗ್ರಾಂ ಗರಿಯಿರುವುದೆನ್ನೋಣ. ಗರಿಯಲ್ಲಿ ನೂರಕ್ಕೆ ಸುಮಾರು 85 ಪಾಲು ಪ್ರೋಟೀನೇ. ಅಂದರೆ 64 ಗ್ರಾಂ ಆಯಿತು. ನಾಟಿ ಕೋಳಿಯ ಒಂದು ಚಿಕ್ಕ ಮೊಟ್ಟೆಯಲ್ಲಿ ಐದು ಗ್ರಾಮಿನಷ್ಟು ಪ್ರೋಟೀನಿದೆ. ಭಾಗಿಸಿ ನೋಡಿದರೆ ಹೆಚ್ಚುಕಡಿಮೆ ಹನ್ನೆರಡು ಹದಿಮೂರು ಮೊಟ್ಟೆ. ನಾಟಿ ಹೇಂಟೆಯು ಒಂದು ಸಲಕ್ಕೆ ಇಟ್ಟು ಕಾವು ಕೂರುವಷ್ಟು. ಹೇಂಟೆಯು ಒಂದು ಕಾವಿನ ಮೊಟ್ಟೆಗಳನ್ನು ಮೈಮೇಲೆ ಹೊದ್ದುಕೊಂಡಿದೆಯೆಂದು ಒಬ್ಬ ಚಿಕ್ಕ ಹುಡುಗಿ ಹೇಳಿದಳು. ಇದಕ್ಕಿಂತ ಚೆನ್ನಾಗಿ ನಾವೂ ಹೇಳಲಾರೆವು. ಎರಡು ಕೆಲಸಗಳನ್ನು ಏಕಕಾಲದಲ್ಲಿ ನಡೆಸಲಾರದೆ ಅದರ ಶರೀರವು ಅಂಡಾಶಯವನ್ನು ಕುಗ್ಗಿಸಿಟ್ಟು ಗರಿಯ ಕೆಲಸಕ್ಕೆ ತೊಡಗುವುದು.

ಕಾಲವನ್ನು ಅದಕ್ಕೆ ತಿಳಿಸುವುದು ಹಗಲಿನ ಉದ್ದ. ಬೆಳಕು ಕಣ್ಣಿನಿಂದ ಮಾತ್ರವಲ್ಲದೆ ತಲೆಬುರುಡೆಯ ಮೂಲಕವೂ ಹಕ್ಕಿಯ ಮಿದುಳನ್ನು ಮುಟ್ಟುವುದೆಂಬುದನ್ನು 1930ರ ದಶಕದಲ್ಲಿ ಫ್ರಾನ್ಸಿನ ಜಾಕ್ ಬೆನ್ವಾ ಎಂಬ ವಿಜ್ಞಾನಿಯು ಬಾತುಗಳ ಮೇಲೆ ಪರೀಕ್ಷಿಸಿ ತೋರಿಸಿದರು. ಲಂಡನ್ನಿನಲ್ಲಿ ಜೂನ್ ತಿಂಗಳ ಹಗಲು ಹದಿನಾರೂವರೆ ಗಂಟೆಯಿದ್ದು ಡಿಸೆಂಬರಿನಲ್ಲಿ ಎಂಟು ಗಂಟೆಗೂ ಕಡಿಮೆಯಾಗುವುದು. ದೇವಸಮುದ್ರದಲ್ಲಾದರೋ ಹದಿಮೂರು ಗಂಟೆಯಿಂದ ಹನ್ನೊಂದೂಕಾಲಿಗೆ ಇಳಿಯುವುದಷ್ಟೆ. ಆದಕಾರಣ ಪರದೇಶದ ಪುಸ್ತಕಗಳಲ್ಲಿರುವಂತೆ ನಮ್ಮ ಕೋಳಿಗಳೆಲ್ಲವೂ ಒಂದೇ ವಾರದಲ್ಲಿ ಬೋಳಾಗುವುದಿಲ್ಲ. ಮರಿಗಳನ್ನು ಸಾಕಿ ದಣಿದ ಹೇಂಟೆ, ಮೇವು ನೀರಿಗೆ ಬಾಯಾರಿದ ಹೇಂಟೆ, ಇವು ಬೇರೆ ಕಾಲದಲ್ಲಿಯೂ ಗರಿ ಬಿಡಬಹುದು. ನಾಟಿ ಹೇಂಟೆಯು ಕಾವಿಗೆ ಕುಳಿತಾಗಲೂ ಮೊಟ್ಟೆ ನಿಲ್ಲುವುದೆಂಬುದನ್ನು ಯಾವ ಅಜ್ಜಿಗೂ ಹೇಳಿಕೊಡಬೇಕಾಗಿಲ್ಲ.

ಇನ್ನು ಮುಖ್ಯ ಮಾತಿಗೆ ಬರುತ್ತೇವೆ. ಒಂದೇ ವಯಸ್ಸಿನ, ಒಂದೇ ಮೇವಿನ ಕೋಳಿಗಳಲ್ಲಿ ಮೊದಲೇ ಗರಿ ಬಿಡಲಾರಂಭಿಸುವ ಕೋಳಿಯು ನಿಧಾನವಾಗಿ, ಒಂದೊಂದಾಗಿ ಬಿಡುತ್ತದೆ. ಅದು ಸಾಮಾನ್ಯವಾಗಿ ಕಡಿಮೆ ಮೊಟ್ಟೆಯ ಕೋಳಿ. ಉತ್ತಮವಾದ ಹೇಂಟೆಯೋ ಕಡೆಯವರೆಗೂ ಇಡುತ್ತಿದ್ದು, ತಡವಾಗಿ, ಒಮ್ಮೆಗೇ ಕೈತುಂಬ ಗರಿ ಉದುರಿಸಿ, ನೋಡಲು ಅಸಹ್ಯವಾಗಿ, ಬೇಗನೆ ಮೇಲೇಳುವುದು. ರೆಕ್ಕೆಯನ್ನು ಬಿಡಿಸಿ ನೋಡಿದರೆ ಇದು ಗೊತ್ತಾಗುವುದು. ಹೊರತುದಿಯಲ್ಲಿ ಹತ್ತು ದೊಡ್ಡ ಗರಿಗಳಿವೆ. ಒಂದು ಗರಿ ಬೆಳೆಯಲು ಸುಮಾರು ಆರು ವಾರ ಬೇಕು. ಒಂದೊಂದಾಗಿ ಉದುರಿಸುವ ಕೋಳಿಗೆ ಆರು ತಿಂಗಳಾದರೂ ಹಿಡಿಯಬಹುದು. ಮೂರು ನಾಲ್ಕನ್ನು ಕೂಡಿಯೇ ಬಿಡುವ ಕೋಳಿ ಎರಡು ಮೂರು ತಿಂಗಳಲ್ಲಿ ಸಿದ್ಧವಾಗುವುದು. ನಾವು ಅಡಿಗೆಮನೆಗೆ ಕೊಟ್ಟದ್ದು ಯಾವುದನ್ನೆಂಬುದು ಈಗ ವಾಚಕರಿಗೆ ತಿಳಿದಿರಬಹುದು.

ರೋಗವೋ ಗರಿಯ ಕಾಲವೋ ಎಂಬ ಸಂದೇಹಕ್ಕೆ ಚರ್ಮವನ್ನೇ ನೋಡತಕ್ಕದ್ದು. ಬೋಳಾದ ಕಡೆಯಲ್ಲಿ ಮುಳ್ಳಿನಂತಹ ಹೊಸ ಗರಿಗಳು ಚುಚ್ಚಿಕೊಂಡು ಬರುತ್ತಿದ್ದು, ಕೋಳಿಯು ಕೆದಕಿ ಮೇಯುತ್ತಿದ್ದರೆ ಭಯವಿಲ್ಲ. ಆ ಮುಳ್ಳುಗಳೊಳಗೆ ರಕ್ತವಿರುವುದರಿಂದ ಮುಟ್ಟಿದರೆ ನೋವಾಗುವುದು. ಮಕ್ಕಳು ಹಿಡಿದಾಡದಂತೆ ನೋಡಿಕೊಳ್ಳಬೇಕು. ಚರ್ಮದಲ್ಲಿ ಹೇನು ಹರಿದಾಡುತ್ತಿದ್ದರೆ ಅದು ಬೇರೆ ಮಾತು. ಹಸಿರು ಭೇದಿ, ಏದುಸಿರು, ತಿರುಚಿದ ಕುತ್ತಿಗೆ ಇವು ಕಂಡರಂತೂ ಕೊಕ್ಕರೆ ರೋಗವೆಂದು ಶಂಕಿಸಿ, ಆ ಕೋಳಿಯನ್ನು ಬೇರೆಯಿರಿಸಿ, ತಡಮಾಡದೆ ಪಶು ಆಸ್ಪತ್ರೆಗೆ ತಿಳಿಸಬೇಕು.

ಮೇವಿನ ವಿಷಯದಲ್ಲಿ ನಮ್ಮ ಜನರ ಲೆಕ್ಕವು ತಲೆಕೆಳಗಾಗಿದೆ. ಮೊಟ್ಟೆ ನಿಂತಿತೆಂದು ಕಾಳನ್ನೂ ನಿಲ್ಲಿಸುತ್ತಾರೆ. ಆದರೆ ಹೇಂಟೆಗೆ ಪ್ರೋಟೀನು ಹೆಚ್ಚಾಗಿ ಬೇಕಾದದ್ದು ಈಗಲೇ. ಬರಿಯ ರಾಗಿ ಸಜ್ಜೆಯಿಂದ ಗರಿ ಬೆಳೆಯದು. ಚಳ್ಳಕೆರೆಯ ಗಾಣಗಳಿಂದಾಗಿ ಶೇಂಗಾ ಹಿಂಡಿಗೆ ನಮ್ಮಲ್ಲಿ ಬರವಿಲ್ಲ. ಅದರಲ್ಲಿ ನೂರಕ್ಕೆ 40ಕ್ಕೂ ಮೇಲ್ಪಟ್ಟು ಪ್ರೋಟೀನಿದೆ. ಆದರೆ ಗರಿಗೆ ಬೇಕಾದ ಗಂಧಕಯುಕ್ತ ಅಂಶವು ಅದರಲ್ಲಿ ಕೊರತೆಯಾಗಿರುವುದರಿಂದ ಜೊತೆಗೆ ಸ್ವಲ್ಪ ಎಳ್ಳಿನ ಹಿಂಡಿ ಅಥವಾ ಸೂರ್ಯಕಾಂತಿ ಹಿಂಡಿಯನ್ನು ಬೆರೆಸುವುದು ಲೇಸು. ಬೂಷ್ಟು ಹಿಡಿದ ಹಿಂಡಿಯನ್ನು ಮಾತ್ರ ಎಷ್ಟು ಅಗ್ಗವಾದರೂ ಹಾಕಕೂಡದು. ಕುದಿಸಿದರೂ ಅದರ ವಿಷವು ಹೋಗುವುದಿಲ್ಲ. 1960ರಲ್ಲಿ ಇಂಗ್ಲೆಂಡಿನಲ್ಲಿ ಇಂಥ ಶೇಂಗಾ ಹಿಂಡಿಯನ್ನು ತಿಂದು ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಸತ್ತ ಮೇಲೆಯೇ ಅಫ್ಲಾಟಾಕ್ಸಿನ್ ಎಂಬ ಆ ವಿಷವನ್ನು ಜಗತ್ತು ಅರಿತುಕೊಂಡಿತು.

ದುಡ್ಡಿಲ್ಲದ ಮನೆಗೆ ಗೆದ್ದಲಿದೆ. ಹಳೆಯ ಮಡಕೆಯಲ್ಲಿ ಒದ್ದೆ ಸಗಣಿಯನ್ನೂ ಹರಿದ ಗೋಣಿಯನ್ನೂ ತುಂಬಿ, ಗೆದ್ದಲು ಓಡಾಡುವ ಕಡೆ ಸಂಜೆ ಬೋರಲು ಹಾಕಿ, ಬೆಳಿಗ್ಗೆ ಎತ್ತಿ ಕೋಳಿಗಳ ಮುಂದೆ ಕೊಡವಬೇಕು. ಈ ಉಪಾಯವನ್ನು ನಮಗೆ ಕಲಿಸಿದವರು ನಮ್ಮ ವಿದ್ಯಾರ್ಥಿನಿಯರೇ.

ಈಗ ಪ್ರತಿ ವರ್ಷವೂ ದಸರಾ ರಜೆ ಕಳೆದ ಮೇಲೆ ನಮ್ಮ ಹುಡುಗಿಯರು ಹಿತ್ತಿಲಿನ ಪ್ರತಿಯೊಂದು ಹೇಂಟೆಯ ಕಾಲಿಗೂ ಬೇರೆ ಬೇರೆ ಬಣ್ಣದ ಬಟ್ಟೆಯ ಪಟ್ಟಿಯನ್ನು ಸಡಿಲವಾಗಿ ಕಟ್ಟಿ, ಯಾವುದು ಎಂದು ಗರಿ ಬಿಟ್ಟಿತು, ಎಂದು ಮತ್ತೆ ಮೊಟ್ಟೆಯಿಟ್ಟಿತು ಎಂಬುದನ್ನು ಪುಸ್ತಕದಲ್ಲಿ ಬರೆದಿಡುತ್ತಾರೆ. ಹೊಸ ಗರಿ ತಳೆದ ಮೇಲೆ ಇಡುವ ಮೊಟ್ಟೆಯು ಹಿಂದಿನದಕ್ಕಿಂತ ತುಸು ದೊಡ್ಡದೂ ಗಟ್ಟಿ ಓಡಿನದೂ ಆಗಿರುವುದನ್ನು ಅವರೇ ಕಂಡಿದ್ದಾರೆ.

ಆ ತಾಯಿಗೆ ನಾವು ಮಾಘ ಮಾಸದಲ್ಲಿ, ತಡವಾಗಿ ಗರಿ ಬಿಟ್ಟ ಹೇಂಟೆಗಳ ಹದಿಮೂರು ಮೊಟ್ಟೆಗಳನ್ನು ಹೊಟ್ಟು ತುಂಬಿದ ಬುಟ್ಟಿಯಲ್ಲಿಟ್ಟು ಮಗಳ ಕೈಯಲ್ಲಿ ಕಳುಹಿಸಿದೆವು. ನೆರೆಮನೆಯವರ ಕಾವಿನ ಕೋಳಿಯನ್ನು ಕೇಳಿ ತಂದು ಕೂರಿಸಿದರಂತೆ. ಇಪ್ಪತ್ತೊಂದನೆಯ ದಿನ ಹನ್ನೊಂದು ಮರಿಗಳಾದವು.