ಗಾಡಿಗಿಂತ ಮೊದಲು ನೀರು

ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ, ಎಲ್ಲಿಂದ ಹೊರಟರೂ ಹಾಸನದ ದೊಡ್ಡಾಸ್ಪತ್ರೆಗೆ 30–40 ಕಿ.ಮೀ. ಆಸುಪಾಸು. ಒಳಗಿನ ಹಳ್ಳಿಗಳಿಂದ ಒಂದು ಗಂಟೆಗೂ ಮೇಲೆ ಹಿಡಿಯುತ್ತದೆ. ತುರ್ತು ವಿಭಾಗದಲ್ಲಿ ನರ್ಸ್ ಆಗಿ ನಾನು ಕಂಡಿದ್ದು ಇದು: ಸುಟ್ಟವರನ್ನು ಮನೆಯವರು ಹೇಗೋ ಗಾಡಿ ಹೊಂದಿಸಿ ಬೇಗ ತರುತ್ತಾರೆ, ಆದರೆ ಸುಟ್ಟ ಜಾಗಕ್ಕೆ ಒಂದು ಚೊಂಬು ನೀರನ್ನೂ ಹಾಕಿರುವುದಿಲ್ಲ.

1. ಮೊದಲು 20 ನಿಮಿಷ ನೀರು, ಆಮೇಲೆ ಪ್ರಯಾಣ.
ಬೆಂಕಿ ಆರಿದರೂ, ಬಿಸಿ ಸಾರು ಹರಿದುಹೋದರೂ ಚರ್ಮದೊಳಗೆ ಸೇರಿದ ಶಾಖ ಕೆಳಪದರಗಳನ್ನು ಬೇಯಿಸುತ್ತಲೇ ಇರುತ್ತದೆ. ಅದನ್ನು ಹೊರಗೆಳೆಯುವುದು ಹರಿಯುವ ತಣ್ಣೀರು. ನಲ್ಲಿಯಾದರೂ ಸರಿ, ಬೋರ್‌ವೆಲ್ ಪೈಪಾದರೂ ಸರಿ, ಏನೂ ಇಲ್ಲದಿದ್ದರೆ ತೊಟ್ಟಿಯಿಂದ ಚೊಂಬಿನಲ್ಲಿ ಮೊಗೆದು ಹಾಕುತ್ತಲೇ ಇರಿ. ಒಬ್ಬರು ನೀರು ಹಾಕುವಾಗ ಇನ್ನೊಬ್ಬರು 108ಕ್ಕೆ ಫೋನ್ ಮಾಡಲಿ. ಸುಟ್ಟ ಕೂಡಲೇ ನೀರು ಹಾಕಲಾಗದಿದ್ದರೆ, ಮೂರು ಗಂಟೆಯೊಳಗೆ ಹಾಕಿದರೂ ಪ್ರಯೋಜನವಿದೆ. ಐಸ್ ಬೇಡ, ಅದು ರಕ್ತನಾಳಗಳನ್ನು ಕುಗ್ಗಿಸಿ ಗಾಯವನ್ನು ಇನ್ನಷ್ಟು ಆಳಕ್ಕಿಳಿಸುತ್ತದೆ. ಚಿಕ್ಕ ಮಕ್ಕಳಿಗೆ ಮಾತ್ರ ಒಂದು ಎಚ್ಚರ: ಸುಟ್ಟ ಭಾಗಕ್ಕಷ್ಟೇ ನೀರು, ಉಳಿದ ಮೈಗೆ ಕಂಬಳಿ. ಧನುರ್ಮಾಸದ ಬೆಳಗಿನಲ್ಲಿ ಮಗುವಿನ ಇಡೀ ಮೈ ನೆನೆಸಿದರೆ ಶೀತವೇ ಅಪಾಯವಾಗುತ್ತದೆ.

2. "ಉರಿ ಏನೂ ಇಲ್ಲ ಕಣಕ್ಕ" ಅಂದರೆ ನಾನು ಹೆದರುತ್ತೇನೆ.
ಉರಿಯುವ, ಬೊಬ್ಬೆ ಎದ್ದ, ಮುಟ್ಟಿದರೆ ಚೀರುವಂಥ ಗಾಯದಲ್ಲಿ ನರಗಳು ಇನ್ನೂ ಬದುಕಿವೆ. ಬಿಳಿಚಿದ, ಕಂದಿದ ಅಥವಾ ಕರಕಲಾದ, ತೊಗಲಿನಂತೆ ಗಟ್ಟಿಯಾದ, ಮುಟ್ಟಿದರೂ ಗೊತ್ತಾಗದ ಗಾಯ ಚರ್ಮದ ಪೂರ್ತಿ ದಪ್ಪವನ್ನು ದಾಟಿದೆ. ಅದು ತಾನಾಗಿ ಮುಚ್ಚಿಕೊಳ್ಳುವುದು ಕಷ್ಟ, ಬಹುಪಾಲು ಚರ್ಮ ಕಸಿಯೇ ಬೇಕಾಗುತ್ತದೆ. ಪುಸ್ತಕದಲ್ಲಿ ಹೇಳುವ "ಕೆಂಪು" ನಮ್ಮ ಎಣ್ಣೆಗಪ್ಪು ಮೈಮೇಲೆ ಸುಲಭವಾಗಿ ಕಾಣುವುದೂ ಇಲ್ಲ. ಹಾಗಾಗಿ ಬಣ್ಣವೊಂದನ್ನೇ ನಂಬದೆ ಬೊಬ್ಬೆ, ಒದ್ದೆ, ಸ್ಪರ್ಶ ಈ ಮೂರನ್ನೂ ನೋಡಬೇಕು.

3. ಟೂತ್‌ಪೇಸ್ಟ್, ಇಂಕು, ಸಗಣಿ, ಬೆಣ್ಣೆ, ದೋಸೆ ಹಿಟ್ಟು, ಅರಿಶಿನ.
ಇವುಗಳನ್ನು ಹಚ್ಚುವ ಅಜ್ಜಿಯರ ಕೈಯಲ್ಲಿ ಪ್ರೀತಿಯಿದೆ, ಅವರನ್ನು ಗದರಿಸಲು ನನಗೆ ಮನಸ್ಸಾಗುವುದಿಲ್ಲ. ಆದರೆ ಹಚ್ಚಿದ್ದನ್ನೆಲ್ಲ ನಾವು ಉಜ್ಜಿ ತೆಗೆಯಬೇಕಾಗುತ್ತದೆ, ಮಗು ಎರಡನೇ ಸಲ ನರಳುತ್ತದೆ. ಸಗಣಿಯಿಂದ ಧನುರ್ವಾಯು ಬರಬಹುದು. ಇಂಕು ಬಳಿದರೆ ಗಾಯದ ಆಳವೇ ಡಾಕ್ಟರಿಗೆ ಕಾಣುವುದಿಲ್ಲ. ನೀರು ಹಾಕಿದ ಮೇಲೆ ಒಗೆದ ಹತ್ತಿ ಪಂಚೆಯೋ ಸೀರೆಯ ತುಂಡೋ ಸಡಿಲವಾಗಿ ಹೊದಿಸಿದರೆ ಸಾಕು. ಅರಳೆ ಇಡಬೇಡಿ, ಎಳೆಗಳು ಅಂಟಿಕೊಳ್ಳುತ್ತವೆ. ಬೊಬ್ಬೆ ಒಡೆಯಬೇಡಿ. ಮೈಗೆ ಅಂಟಿದ ಬಟ್ಟೆಯನ್ನು ಕೀಳದೆ ಸುತ್ತ ಕತ್ತರಿಸಿ ಬಿಡಿ.

4. ಬಳೆ, ಉಂಗುರ, ಕಾಲುಂಗುರ, ಉಡಿದಾರ ಆಗಲೇ ತೆಗೆಯಿರಿ.
ಒಂದೆರಡು ಗಂಟೆಯಲ್ಲಿ ಊತ ಬಂದು ಅವು ಬಿಗಿದುಕೊಂಡು ಬೆರಳಿಗೆ ರಕ್ತ ಹೋಗದಂತಾಗುತ್ತದೆ. ಮುತ್ತೈದೆಯ ಬಳೆ ಕಾಲುಂಗುರ ತೆಗೆಯಬಾರದೆಂದು ಹಿಂಜರಿಯುವ ಮನೆಗಳಿವೆ. ಅತ್ತೆಯಾದವರೇ ಮುಂದೆ ನಿಂತು ತೆಗೆಸಿದರೆ ಆ ಹಿಂಜರಿಕೆ ಹೋಗುತ್ತದೆ.

5. ಹೊಗೆಸೊಪ್ಪಿನ ಬ್ಯಾರನ್ ಹೊತ್ತಿಕೊಂಡರೆ ಒಳಗೆ ನುಗ್ಗಬೇಡಿ.
ಅರಕಲಗೂಡು ತಾಲ್ಲೂಕು ಹೊಗೆಸೊಪ್ಪಿನ ಸೀಮೆ, ರಾಮನಾಥಪುರದಲ್ಲಿ ತಂಬಾಕು ಮಂಡಳಿಯ ಹರಾಜು ಕಟ್ಟೆಯೇ ಇದೆ. ಸೊಪ್ಪು ಒಣಗಿಸಿ ಹದ ಮಾಡುವ ಮನೆಯೇ ಬ್ಯಾರನ್. ಹದದ ಕೊನೆಯ ಘಟ್ಟದಲ್ಲಿ ಅದರ ಒಳಗೆ 70 ಡಿಗ್ರಿ ಸೆಲ್ಸಿಯಸ್‌ವರೆಗೂ ಶಾಖ ಏರುತ್ತದೆ. ಒಣಗಿದ ಒಂದು ಎಲೆ ಕಡ್ಡಿಯಿಂದ ಜಾರಿ ಕಾದ ಕೊಳವೆಯ ಮೇಲೆ ಬಿದ್ದರೂ ಸಾಕು. ವರ್ಷದ ದುಡಿಮೆ ಉರಿಯುವಾಗ ರೈತ ಒಳಗೆ ಓಡುವುದು ನನಗೆ ಅರ್ಥವಾಗುತ್ತದೆ. ಹಾಗೆ ಹೋದವರ ಮೈಮೇಲೆ ದೊಡ್ಡ ಗಾಯವೇ ಇರದಿರಬಹುದು. ಆದರೆ ಮೂಗಿನ ಕೂದಲು ಸುಟ್ಟಿದೆಯೇ, ಉಗುಳಿನಲ್ಲಿ ಮಸಿ ಇದೆಯೇ, ಗಂಟಲು ಕಟ್ಟಿದೆಯೇ ನೋಡಿ. ಇದ್ದರೆ ಶ್ವಾಸನಾಳ ಸುಟ್ಟಿರಬಹುದು. ಈಗ ಚೆನ್ನಾಗಿ ಮಾತಾಡುತ್ತಿರುವವರಿಗೆ ಕೆಲವೇ ಗಂಟೆಗಳಲ್ಲಿ ಗಂಟಲು ಊದಿ ಉಸಿರು ಕಟ್ಟಬಹುದು. ಇಂಥವರನ್ನು ಒರಗಿ ಕೂರಿಸಿಕೊಂಡು ತಡಮಾಡದೆ ಹೊರಡಿ. ನೀರಿಗಾಗಿ ಕಾಯಬಾರದ ಸಂದರ್ಭ ಇದು.

6. ಕರೆಂಟಿನ ಗಾಯ ಹೊರಗೆ ಚಿಕ್ಕದು, ಒಳಗೆ ದೊಡ್ಡದು.
ಚನ್ನರಾಯಪಟ್ಟಣದ ತೆಂಗಿನ ತೋಟಗಳಲ್ಲಿ ಕಬ್ಬಿಣದ ಪೈಪಿನ ದೋಟಿ ವಿದ್ಯುತ್ ತಂತಿಗೆ ತಾಗಿದರೆ, ಅಂಗೈಯಲ್ಲೊಂದು ಕಪ್ಪು ಚುಕ್ಕೆ, ಪಾದದಲ್ಲೊಂದು, ಇಷ್ಟೇ ಕಾಣಬಹುದು. ನಡುವೆ ಮಾಂಸಖಂಡ ಬೆಂದಿರುತ್ತದೆ, ಹೃದಯದ ಬಡಿತವೂ ತಪ್ಪಬಹುದು. ಮೂತ್ರ ಕಾಫಿ ಡಿಕಾಕ್ಷನ್‌ನಂತೆ ಬಂದರೆ ಮೂತ್ರಪಿಂಡಕ್ಕೆ ಕುತ್ತು. ಮನೆಯ ಸಂಪರ್ಕವಾದರೆ ಮೇನ್ ಸ್ವಿಚ್ ಆರಿಸದೆ ಅವರನ್ನು ಮುಟ್ಟಬೇಡಿ. ಲೈನಿನ ತಂತಿಯಾದರೆ ದೂರ ನಿಂತು 1912ಕ್ಕೆ ಫೋನ್ ಮಾಡಿ ಕರೆಂಟ್ ತೆಗೆಸಿ.

7. ಸುಣ್ಣ.
ಒಣಪುಡಿ ಮೈಮೇಲೆ ಬಿದ್ದರೆ ಮೊದಲು ಬಟ್ಟೆಯಿಂದ ಕೊಡವಿ, ನಂತರ ಧಾರಾಳ ನೀರು. ಕಣ್ಣಿಗೆ ಬಿದ್ದರೆ ರೆಪ್ಪೆ ಬಿಡಿಸಿ ಅರ್ಧ ಗಂಟೆ ತೊಳೆಯಿರಿ.

8. ಎಷ್ಟು ಗಂಟೆಗೆ ಸುಟ್ಟಿತು ಎಂದು ನಾವು ಕೇಳುವುದಕ್ಕೆ ಕಾರಣವಿದೆ.
ಮೊದಲು ಎಷ್ಟು ಸುಟ್ಟಿದೆ ಎಂದು ಅಳೆಯಬೇಕು. ಗಾಯಾಳುವಿನ ಅಂಗೈ, ಬೆರಳುಗಳೂ ಸೇರಿ, ಅವರ ಮೈಯ ಸುಮಾರು ಶೇ 1. ದೊಡ್ಡವರಲ್ಲಿ ಹತ್ತು ಅಂಗೈ, ಮಕ್ಕಳಲ್ಲಿ ಐದು ದಾಟಿದರೆ, ಅಥವಾ ಮುಖ, ಕೈ, ಪಾದ, ಕೀಲು, ಗುಪ್ತಾಂಗ ಸುಟ್ಟಿದ್ದರೆ ನೇರ ದೊಡ್ಡಾಸ್ಪತ್ರೆಗೆ. ಹಾಸನದಿಂದಾಚೆಗೆ ಬೇಕಾದರೆ ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯಲ್ಲಿ ಮಹಾಬೋಧಿ ಸುಟ್ಟಗಾಯಗಳ ಕೇಂದ್ರವಿದೆ. ಹೊತ್ತು ಬೇಕಾಗುವುದು ಡ್ರಿಪ್ಪಿಗೆ: ಎಷ್ಟು ಡ್ರಿಪ್ ಕೊಡಬೇಕೆಂದು ಹೇಳುವ ಪಾರ್ಕ್‌ಲ್ಯಾಂಡ್ ಲೆಕ್ಕದ ಪ್ರಕಾರ 60 ಕಿಲೋ ತೂಕದವರಿಗೆ ಶೇ 30 ಸುಟ್ಟಿದ್ದರೆ ಮೊದಲ 24 ಗಂಟೆಗೆ 7 ಲೀಟರಿಗೂ ಹೆಚ್ಚು ಡ್ರಿಪ್ ಬೇಕು, ಅದರ ಅರ್ಧ ಮೊದಲ 8 ಗಂಟೆಯಲ್ಲೇ ಹೋಗಬೇಕು. ಆ ಗಡಿಯಾರ ಶುರುವಾಗುವುದು ಸುಟ್ಟ ಹೊತ್ತಿನಿಂದ, ಆಸ್ಪತ್ರೆಗೆ ಬಂದ ಹೊತ್ತಿನಿಂದಲ್ಲ. ಹೆದರಿಕೊಂಡು ಹೊತ್ತು ಬದಲಿಸಿ ಹೇಳಿದರೆ ಡ್ರಿಪ್ಪಿನ ಲೆಕ್ಕವೇ ತಪ್ಪುತ್ತದೆ.

9. ಕುತ್ತಿಗೆ ಸುಟ್ಟವರಿಗೆ ದಿಂಬು ಕೊಡಬೇಡಿ.
ಮನೆಗೆ ಕಳಿಸಿದ ಮೇಲಿನ ತಿಂಗಳುಗಳ ಬಗ್ಗೆ ಯಾರೂ ಸಾಕಷ್ಟು ಹೇಳುವುದಿಲ್ಲ. ಮಾಯುವ ಚರ್ಮ ಸೆಳೆದುಕೊಳ್ಳುತ್ತದೆ. ದಿಂಬಿಟ್ಟು ಮಲಗಿದರೆ ಗಲ್ಲ ಎದೆಗೆ ಅಂಟಿಕೊಳ್ಳುವಷ್ಟು ಕುತ್ತಿಗೆ ಬಾಗಿಬಿಡುತ್ತದೆ. ಮಡಚಿಟ್ಟ ಮೊಣಕೈ ಮಡಚಿಕೊಂಡೇ ಉಳಿಯುತ್ತದೆ. ನೋವಾದರೂ ದಿನಕ್ಕೆ ಹಲವು ಸಲ ಕೀಲುಗಳನ್ನು ನಿಧಾನವಾಗಿ ಪೂರ್ತಿ ಚಾಚಿಸಿ. ಗಾಯ ಪೂರ್ತಿ ಮುಚ್ಚಿದ ಮೇಲೆ ಕೊಬ್ಬರಿ ಎಣ್ಣೆ ಸವರಿ ಮೆಲ್ಲಗೆ ನೀವಿ, ಬಿಸಿಲು ತಾಗದಂತೆ ಮುಚ್ಚಿಡಿ, ಫಿಸಿಯೋಥೆರಪಿಗೆ ಕರೆದ ದಿನ ತಪ್ಪದೆ ಕರೆತನ್ನಿ.