ಮಲಬದ್ಧತೆ: ಮನೆಮದ್ದು, ಅಂಗಡಿಮದ್ದು ಮತ್ತು ಅವುಗಳಿಂದಾಗುವ ಅಪಾಯ

(ಗ್ರಾಮ ಪಂಚಾಯಿತಿ ಸದಸ್ಯರ ಅಧ್ಯಯನಕ್ಕಾಗಿ)



ಗ್ರಾಮಸಭೆಯಲ್ಲಿ ಜ್ವರ, ಡೆಂಗಿ, ವಾಂತಿಭೇದಿಗಳ ಬಗ್ಗೆ ಚರ್ಚೆ ನಡೆಯುತ್ತದೆ. ಮಲಬದ್ಧತೆಯ ಬಗ್ಗೆ ಯಾರೂ ಎದ್ದು ನಿಂತು ಮಾತನಾಡುವುದಿಲ್ಲ. ಸಂಕೋಚದ ಕಾರಣದಿಂದ ವೈದ್ಯರ ಮುಂದೆಯೂ ಹೇಳಿಕೊಳ್ಳದ ತೊಂದರೆ ಇದು. ಹೀಗಾಗಿ ಚಿಕಿತ್ಸೆಯೆಂಬುದು ಮನೆಯ ಹಿರಿಯರ ಕೈಯಲ್ಲಿ ಅಥವಾ ಊರಿನ ಅಂಗಡಿಯಲ್ಲಿ ತೀರ್ಮಾನವಾಗುತ್ತದೆ. ಆ ಮದ್ದುಗಳಲ್ಲಿ ಕೆಲವು ಉಪಯುಕ್ತ, ಕೆಲವು ನಿರುಪಯುಕ್ತ, ಕೆಲವು ಜೀವಕ್ಕೇ ಎರವಾಗುವಂಥವು. ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕ ಸಮಿತಿಯಲ್ಲಿ ಕುಳಿತುಕೊಳ್ಳುವ ಸದಸ್ಯರು ಇವುಗಳ ನಡುವಿನ ವ್ಯತ್ಯಾಸವನ್ನು ಅರಿತಿರುವುದು ಅಗತ್ಯ.

ಮೊದಲು ಮಲಬದ್ಧತೆ ಎಂದರೇನೆಂಬುದನ್ನು ಸ್ಪಷ್ಟಪಡಿಸಿಕೊಳ್ಳೋಣ. ವಾರಕ್ಕೆ ಮೂರು ಬಾರಿಗಿಂತ ಕಡಿಮೆ ಮಲವಿಸರ್ಜನೆಯಾಗುವುದು, ಮಲವು ಗಟ್ಟಿಯಾಗಿ ಉಂಡೆಯುಂಡೆಯಾಗಿರುವುದು, ಬಹಳ ತಿಣುಕಬೇಕಾಗುವುದು, ಆದ ಮೇಲೂ ಪೂರ್ಣವಾಗಿಲ್ಲವೆಂಬ ಭಾವನೆ ಉಳಿಯುವುದು ಇದರ ಲಕ್ಷಣಗಳು. ದಿನಕ್ಕೆ ಮೂರು ಬಾರಿಯಿಂದ ವಾರಕ್ಕೆ ಮೂರು ಬಾರಿಯವರೆಗೆ ಯಾವ ಕ್ರಮವಿದ್ದರೂ, ಮಲ ಮೃದುವಾಗಿದ್ದರೆ ಅದು ಸಹಜ. "ದಿನವೂ ಬೆಳಿಗ್ಗೆ ಹೊಟ್ಟೆ ಖಾಲಿಯಾಗಲೇಬೇಕು, ಇಲ್ಲವಾದರೆ ವಿಷ ಏರುತ್ತದೆ" ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿ ಬೇರೂರಿದೆ. ಕಾಯಿಲೆಯೇ ಇಲ್ಲದವರು ವರ್ಷಗಟ್ಟಲೆ ಭೇದಿಮದ್ದು ಸೇವಿಸುವುದು ಬಹುಪಾಲು ಈ ನಂಬಿಕೆಯಿಂದಲೇ. ದೊಡ್ಡ ಕರುಳಿನ ಕೆಲಸ ಮಲದಲ್ಲಿನ ನೀರನ್ನು ಹೀರಿಕೊಳ್ಳುವುದು. ಮಲ ಅಲ್ಲಿ ಹೆಚ್ಚು ಕಾಲ ನಿಂತಷ್ಟೂ ಗಟ್ಟಿಯಾಗುತ್ತದೆ, ಅಷ್ಟೆ. ವಿಷ ರಕ್ತಕ್ಕೇರುವುದೆಂಬ ಮಾತಿಗೆ ಆಧಾರವಿಲ್ಲ.

ಭೇದಿಮದ್ದುಗಳ ಪೈಕಿ ಮೊದಲಿಗೆ ನಿಲ್ಲುವುದು ಹರಳೆಣ್ಣೆ. ಇದು ಸಣ್ಣ ಕರುಳಿನಲ್ಲಿ ವಿಭಜನೆಗೊಂಡು ರಿಸಿನೋಲಿಕ್ ಆಮ್ಲವಾಗಿ, ಕರುಳನ್ನು ಕೆರಳಿಸಿ ಭೇದಿಯನ್ನುಂಟುಮಾಡುತ್ತದೆ. ಆರೋಗ್ಯವಂತ ವಯಸ್ಕರು ಅಪರೂಪಕ್ಕೊಮ್ಮೆ ಸೇವಿಸಿದರೆ ಹೊಟ್ಟೆ ನುಲಿತ, ಸುಸ್ತು ಬಿಟ್ಟರೆ ಹೆಚ್ಚಿನ ಹಾನಿಯಾಗದಿರಬಹುದು. ಆದರೆ ಗರ್ಭಿಣಿಯರಲ್ಲಿ ಇದು ಗರ್ಭಕೋಶದ ಸಂಕೋಚನವನ್ನು ಪ್ರಚೋದಿಸಬಲ್ಲದು. ವೃದ್ಧರಲ್ಲಿ ನೀರು ಮತ್ತು ಲವಣಾಂಶ ಕಡಿಮೆಯಾಗಿ ತಲೆಸುತ್ತು ಬಂದು ಬೀಳುವ ಸಂಭವವಿದೆ.

ಶಿಶುಗಳ ವಿಷಯದಲ್ಲಿ ಯಾವ ರಿಯಾಯಿತಿಯನ್ನೂ ತೋರುವಂತಿಲ್ಲ. ಒಳಲೆಯಲ್ಲಿ ಹರಳೆಣ್ಣೆ ತುಂಬಿ ಅಳುವ ಕೂಸಿನ ಬಾಯಿಗೆ ಹುಯ್ಯುವ ಪದ್ಧತಿ ಅನೇಕ ಗ್ರಾಮಗಳಲ್ಲಿ ಇನ್ನೂ ಇದೆ. ಎಣ್ಣೆ ನೀರಿನಂತಲ್ಲ. ಅದು ಶ್ವಾಸನಾಳಕ್ಕೆ ಜಾರಿದಾಗ ಕೆಮ್ಮು ಬರದೆಯೇ ಒಳಗಿಳಿಯಬಹುದು. ಶ್ವಾಸಕೋಶ ಸೇರಿದ ಎಣ್ಣೆ ಅಲ್ಲಿಯೇ ಉಳಿದು, ಸಾಮಾನ್ಯ ಔಷಧಿಗೆ ಜಗ್ಗದ ಒಂದು ಬಗೆಯ ನ್ಯುಮೋನಿಯಾವನ್ನು ತರುತ್ತದೆ. ವೀಳ್ಯದೆಲೆಯ ತೊಟ್ಟನ್ನು ಎಣ್ಣೆಯಲ್ಲಿ ಅದ್ದಿ, ಇಲ್ಲವೇ ಸಾಬೂನಿನ ಚೂರನ್ನು ಕೊರೆದು ಕೂಸಿನ ಗುದದ್ವಾರದಲ್ಲಿ ಇಡುವುದೂ ಉಂಟು. ತೊಟ್ಟಿನಿಂದ ಗಾಯವಾಗುತ್ತದೆ, ಸಾಬೂನಿನ ಕ್ಷಾರ ಕರುಳಿನ ಒಳಪದರವನ್ನು ಸುಡುತ್ತದೆ. ಜೇನುತುಪ್ಪವನ್ನು ಒಂದು ವರ್ಷ ತುಂಬದ ಮಗುವಿಗೆ ನೆಕ್ಕಿಸಲೇಬಾರದು, ಅದರಲ್ಲಿರಬಹುದಾದ ಸೂಕ್ಷ್ಮಾಣುಗಳು ಮಗುವಿನ ಸ್ನಾಯುಗಳನ್ನೇ ನಿಶ್ಶಕ್ತಗೊಳಿಸುವ ವಿಷವನ್ನು ಉತ್ಪಾದಿಸಬಲ್ಲವು. ಎದೆಹಾಲನ್ನೇ ಕುಡಿಯುವ ಮಗು, ಒಂದೂವರೆ ತಿಂಗಳು ಕಳೆದ ಬಳಿಕ, ನಾಲ್ಕೈದು ದಿನಕ್ಕೊಮ್ಮೆ ಮಲವಿಸರ್ಜಿಸಿದರೂ ಮಲ ಮೆತ್ತಗಿದ್ದು ಮಗು ಚೆನ್ನಾಗಿ ಹಾಲು ಕುಡಿಯುತ್ತಿದ್ದರೆ ಅದು ಕಾಯಿಲೆಯಲ್ಲ. ಆರು ತಿಂಗಳವರೆಗೆ ನೀರನ್ನೂ ಕೊಡಬೇಕಾಗಿಲ್ಲ. ಇದಕ್ಕೆ ಪ್ರತಿಯಾಗಿ, ಹುಟ್ಟಿದ ಮಗು 48 ಗಂಟೆಯೊಳಗೆ ಮೊದಲ ಕಪ್ಪು ಮಲವನ್ನು ಹಾಕದಿದ್ದರೆ ತಡಮಾಡದೆ ಮಕ್ಕಳ ವೈದ್ಯರಿಗೆ ತೋರಿಸತಕ್ಕದ್ದು. ಕರುಳಿನ ಜನ್ಮಜಾತ ದೋಷ ಅದರ ಹಿಂದಿರಬಹುದು.

ಜಾಪಾಳದ ವಿಷಯ ಇನ್ನೂ ಗಂಭೀರ. ಇದರ ಬೀಜ ಮತ್ತು ಎಣ್ಣೆ ಅತ್ಯಂತ ಉಗ್ರ ವಿರೇಚಕಗಳು, ಅಲ್ಪ ಪ್ರಮಾಣವೂ ವಿಷವೇ. ಶುದ್ಧೀಕರಣದ ಹೆಸರಿನಲ್ಲಿ ಯಾರೇ ಮನೆಯಲ್ಲಿ ತಯಾರಿಸಿ ಕೊಟ್ಟರೂ ಸೇವಿಸಬಾರದು. ಬೇಲಿಸಾಲಿನ ಕಾಡುಹರಳಿನ (ಜಟ್ರೋಫಾ) ಬೀಜವನ್ನು ಮಕ್ಕಳು ಕಡಲೆಬೀಜದಂತೆ ತಿಂದು ಆಸ್ಪತ್ರೆ ಸೇರುವುದುಂಟು. ಶಾಲೆ, ಅಂಗನವಾಡಿಗಳ ಸುತ್ತ ಆ ಗಿಡಗಳಿದ್ದರೆ ತೆಗೆಸುವುದು ಪಂಚಾಯಿತಿಗೆ ಕಷ್ಟದ ಕೆಲಸವಲ್ಲ. ಔಡಲದ ಬೀಜವೂ ವಿಷಪೂರಿತ. ಸರಿಯಾಗಿ ತೆಗೆದ ಎಣ್ಣೆಯಲ್ಲಿ ಆ ವಿಷ ಇರುವುದಿಲ್ಲವೆಂಬ ಕಾರಣಕ್ಕೆ ಬೀಜವನ್ನೂ ಅಗಿಯಬಹುದೆಂದು ಭಾವಿಸಬಾರದು.

ಸೋನಾಮುಖಿ ಸೊಪ್ಪು ಒಳ್ಳೆಯ ಔಷಧಿ, ಅಲ್ಪಕಾಲ ಬಳಸಿದರೆ. "ಗಿಡಮೂಲಿಕೆ, ಅಡ್ಡಪರಿಣಾಮವಿಲ್ಲ" ಎಂಬ ಬರಹದೊಂದಿಗೆ ಮಾರಾಟವಾಗುವ ಅನೇಕ ಚೂರ್ಣಗಳಲ್ಲಿ ಇದೇ ಮುಖ್ಯ ದ್ರವ್ಯ. ಹೆಚ್ಚಿನ ಪ್ರಮಾಣದಲ್ಲಿ ದಿನವೂ ಸೇವಿಸಿದಾಗ ದೇಹದ ಪೊಟ್ಯಾಸಿಯಂ ಕುಸಿಯುತ್ತದೆ. ಹೃದ್ರೋಗಕ್ಕೆ ಡಿಜಾಕ್ಸಿನ್, ಅಥವಾ ರಕ್ತದೊತ್ತಡಕ್ಕೆ ಮೂತ್ರ ಹೆಚ್ಚಿಸುವ ಮಾತ್ರೆ ಸೇವಿಸುವವರಲ್ಲಿ ಇದರಿಂದ ಹೃದಯದ ಬಡಿತವೇ ಏರುಪೇರಾಗಬಹುದು. ಮೆಗ್ನೀಷಿಯಂ ಇರುವ ಬಿಳಿ ದ್ರಾವಣ ಮತ್ತು ಫಾಸ್ಫೇಟ್ ಎನಿಮಾಗಳು ಮೂತ್ರಪಿಂಡದ ತೊಂದರೆಯುಳ್ಳವರಿಗೆ ಅಪಾಯಕಾರಿ. ಮಧುಮೇಹಿಗಳಲ್ಲಿ ಈ ತೊಂದರೆ ಗೊತ್ತಾಗದೆಯೇ ಇರಬಹುದಾದ್ದರಿಂದ ಕೇಳದೆ ಬಳಸಬಾರದು.

ಇಸಬ್‌ಗೋಲ್ ಹೊಟ್ಟು ಇವೆಲ್ಲಕ್ಕಿಂತ ಸೌಮ್ಯ. ಆದರೆ ಅದು ನೀರನ್ನು ಹೀರಿ ಹಲವು ಪಟ್ಟು ಉಬ್ಬುವ ಪದಾರ್ಥ. ಒಂದು ಚಮಚವನ್ನು ಒಂದು ದೊಡ್ಡ ಲೋಟ ನೀರಿನಲ್ಲಿ ಕಲಸಿ ತಕ್ಷಣ ಕುಡಿದು, ಮೇಲೆ ಇನ್ನೊಂದು ಲೋಟ ನೀರು ಕುಡಿಯಬೇಕು. ಒಣಗಿದ್ದನ್ನೇ ಬಾಯಿಗೆ ಹಾಕಿಕೊಂಡರೆ ಗಂಟಲಿನಲ್ಲಿ ಉಬ್ಬಿ ಉಸಿರು ಕಟ್ಟಬಹುದು. ನುಂಗಲು ಕಷ್ಟವಿರುವವರಿಗೂ ಹಾಸಿಗೆ ಹಿಡಿದವರಿಗೂ ಇದು ಸಲ್ಲದು.

ಹಾಸಿಗೆ ಹಿಡಿದ ವೃದ್ಧರಲ್ಲಿ ಕಾಣುವ ಒಂದು ಮೋಸದ ಲಕ್ಷಣವನ್ನು ಇಲ್ಲಿ ಹೇಳಲೇಬೇಕು. ಗಟ್ಟಿಮಲ ಗುದನಾಳದಲ್ಲಿ ಕಲ್ಲಿನಂತೆ ಕಟ್ಟಿಕೊಂಡಾಗ ಅದರ ಪಕ್ಕದಿಂದ ನೀರುಮಲ ಸೋರುತ್ತದೆ. ಮನೆಯವರು ಭೇದಿಯೆಂದು ತಿಳಿದು ಭೇದಿ ನಿಲ್ಲಿಸುವ ಮಾತ್ರೆ ಕೊಡುತ್ತಾರೆ, ಕಟ್ಟು ಇನ್ನಷ್ಟು ಬಿಗಿಯುತ್ತದೆ. ಹಲವು ದಿನ ಮಲವಾಗದೆ ಇದ್ದವರಿಗೆ ಹಠಾತ್ತನೆ ನೀರುಮಲ ಸೋರತೊಡಗಿದರೆ ವೈದ್ಯರು ಬೆರಳಿನಿಂದ ಪರೀಕ್ಷಿಸುವುದು ಅಗತ್ಯ.

ಸದಸ್ಯರ ಗಮನಕ್ಕೆ ವಿಶೇಷವಾಗಿ ತರಬೇಕಾದುದು ಕಬ್ಬಿಣಾಂಶದ ಮಾತ್ರೆಯ ಸಂಗತಿ. ಅನೀಮಿಯಾ ಮುಕ್ತ ಭಾರತ ಕಾರ್ಯಕ್ರಮದಡಿ ಗರ್ಭಿಣಿಯರು 180 ದಿನ, ಹೆರಿಗೆಯ ನಂತರ ಮತ್ತೆ 180 ದಿನ ಈ ಮಾತ್ರೆಯನ್ನು ಸೇವಿಸಬೇಕು. ಇದರಿಂದ ಹಲವರಲ್ಲಿ ಮಲ ಗಟ್ಟಿಯಾಗುತ್ತದೆ, ಕಪ್ಪಾಗುತ್ತದೆ. ಹೆದರಿದ ಮಹಿಳೆಯರು ಮಾತ್ರೆಯನ್ನು ತಿಪ್ಪೆಗೆಸೆದು, ಆಶಾ ಕಾರ್ಯಕರ್ತೆ ಕೇಳಿದಾಗ ನುಂಗಿದೆನೆನ್ನುತ್ತಾರೆ. ಆಕೆ ಸುಳ್ಳು ಹೇಳುತ್ತಿದ್ದಾಳೆಂದು ಗದರಿಸಿ ಫಲವಿಲ್ಲ. ತಾನು ಪಡುತ್ತಿರುವ ತೊಂದರೆಯನ್ನು ಯಾರೂ ಕೇಳಲಿಲ್ಲವೆಂಬುದೇ ಅಲ್ಲಿಯ ಸತ್ಯ. ಕಪ್ಪುಬಣ್ಣ ಆ ಮಾತ್ರೆಯ ಸಹಜ ಪರಿಣಾಮವೆಂದು ಮೊದಲೇ ತಿಳಿಸಬೇಕು. ಮಾತ್ರೆಯನ್ನು ರಾತ್ರಿ ಊಟದ ನಂತರ ನುಂಗಬಹುದು. ಕಾಫಿ, ಚಹಾ ಮತ್ತು ಕ್ಯಾಲ್ಸಿಯಂ ಮಾತ್ರೆಯೊಂದಿಗೆ ಮಾತ್ರ ನುಂಗಬಾರದು. ಆದರೂ ಕಟ್ಟಿಕೊಂಡರೆ ಗರ್ಭಿಣಿಯರಿಗೂ ಸುರಕ್ಷಿತವಾದ ಲ್ಯಾಕ್ಟುಲೋಸ್ ದ್ರಾವಣವನ್ನು ವೈದ್ಯರು ಬರೆದುಕೊಡುತ್ತಾರೆ. ರಕ್ತಹೀನತೆಯಿರುವ ತಾಯಿಗೆ ಹೆರಿಗೆಯಲ್ಲಿ ರಕ್ತಸ್ರಾವವಾದರೆ ಉಳಿಸಿಕೊಳ್ಳುವುದು ಬಹಳ ಕಷ್ಟ. ಆದುದರಿಂದ ಮಲಬದ್ಧತೆಗೆ ಮದ್ದು ಕೊಡುವುದೂ ತಾಯಂದಿರ ಪ್ರಾಣರಕ್ಷಣೆಯ ಭಾಗವೇ ಆಗಿದೆ.

ಆಹಾರದ ಮಾತು ಎಲ್ಲರಿಗೂ ತಿಳಿದಿರುವಂಥದು. 100 ಗ್ರಾಂ ರಾಗಿಯಲ್ಲಿ ಸುಮಾರು 11 ಗ್ರಾಂ, ಜೋಳದಲ್ಲಿ ಸುಮಾರು 10 ಗ್ರಾಂ ನಾರು ಇದ್ದರೆ, ಪಾಲಿಶ್ ಮಾಡಿದ ಅಕ್ಕಿಯಲ್ಲಿ 3 ಗ್ರಾಂಗಿಂತ ಕಡಿಮೆ. ಮುದ್ದೆ, ರೊಟ್ಟಿ ಬಿಟ್ಟು ಮೂರು ಹೊತ್ತೂ ಬಿಳಿ ಅನ್ನಕ್ಕೆ ಬಂದ ಮನೆಗಳಲ್ಲಿ ಈ ತೊಂದರೆ ಹೆಚ್ಚಿದರೆ ಆಶ್ಚರ್ಯವಿಲ್ಲ. ಸೊಪ್ಪು, ಕಾಳು, ಸೀಬೆಹಣ್ಣನ್ನು ಕ್ರಮೇಣ ಹೆಚ್ಚಿಸಬೇಕು, ಒಮ್ಮೆಲೇ ಹೆಚ್ಚಿಸಿದರೆ ಹೊಟ್ಟೆಯುಬ್ಬರವಾಗುತ್ತದೆ. ಬೆಳಗಿನ ಉಪಾಹಾರದ ನಂತರ ಕರುಳು ತಾನಾಗಿ ಚುರುಕಾಗುವುದರಿಂದ ಆಗ ಹತ್ತು ನಿಮಿಷ ಕುಳಿತುಕೊಳ್ಳುವುದು ಒಳ್ಳೆಯ ಅಭ್ಯಾಸ. ಬೀಡಿ ಸೇದದಿದ್ದರೆ, ಹೊಗೆಸೊಪ್ಪು ಹಾಕದಿದ್ದರೆ ಆಗುವುದಿಲ್ಲವೆನ್ನುವವರು ಚಟಕ್ಕೆ ಔಷಧಿಯ ಹೆಸರಿಟ್ಟಿದ್ದಾರೆ.

ಪಂಚಾಯಿತಿಯ ನೇರ ಹೊಣೆ ಬರುವುದು ಶೌಚಾಲಯದಲ್ಲಿ. ಶಾಲೆಯ ಶೌಚಾಲಯಕ್ಕೆ ಬೀಗವಿದ್ದರೆ ಅಥವಾ ನೀರಿಲ್ಲದಿದ್ದರೆ ಹೆಣ್ಣುಮಕ್ಕಳು ನೀರು ಕುಡಿಯುವುದನ್ನೇ ಬಿಡುತ್ತಾರೆ. ಎಷ್ಟು ಬಾರಿ ನೀರಿನ ಗಂಟೆ ಬಾರಿಸಿದರೂ ಅಷ್ಟೆ. ಒತ್ತಡವನ್ನು ದಿನವೂ ತಡೆಹಿಡಿಯುವ ಮಗುವಿನ ಗುದನಾಳ ಹಿಗ್ಗಿ, ಕ್ರಮೇಣ ಸೂಚನೆಯೇ ತಿಳಿಯದಂತಾಗುತ್ತದೆ. ನಂತರ ಬಟ್ಟೆಯಲ್ಲಿ ಸೋರಿದಾಗ ಮಗುವಿಗೆ ಪೆಟ್ಟು ಬೀಳುತ್ತದೆ. ಆ ಮಗುವಿಗೆ ಬೇಕಾದದ್ದು ಚಿಕಿತ್ಸೆ ಮತ್ತು ತೆರೆದ ಬಾಗಿಲಿನ, ನೀರಿರುವ ಶೌಚಾಲಯ.

ಹೊಟ್ಟೆನೋವಿರುವವರಿಗೆ ಭೇದಿಮದ್ದು ಕೊಡಕೂಡದು. ಹೊಕ್ಕಳ ಬಳಿ ಆರಂಭವಾಗಿ ಬಲ ಕೆಳಹೊಟ್ಟೆಗಿಳಿಯುವ ನೋವು, ಜೊತೆಗೆ ವಾಂತಿ, ಜ್ವರ ಇದ್ದರೆ ಅದು ಅಪೆಂಡಿಸೈಟಿಸ್ ಆಗಿರಬಹುದು, ಭೇದಿಮದ್ದಿನಿಂದ ಅಪೆಂಡಿಕ್ಸ್ ಒಡೆದುಹೋಗುವ ಸಂಭವವಿದೆ. ಹೊಟ್ಟೆ ಉಬ್ಬಿ, ವಾಂತಿಯಾಗುತ್ತ, ಗಾಳಿಯೂ ಹೋಗದಿದ್ದರೆ ಕರುಳು ಕಟ್ಟಿರುವ ಸೂಚನೆ. ಇವೆರಡರಲ್ಲೂ 108 ವಾಹನ ಕರೆಸಿ ಶಸ್ತ್ರಚಿಕಿತ್ಸೆಯ ಸೌಲಭ್ಯವಿರುವ ಆಸ್ಪತ್ರೆಗೇ ಕಳುಹಿಸಬೇಕು. ಮಲದಲ್ಲಿ ರಕ್ತ, ಕಾರಣವಿಲ್ಲದೆ ತೂಕ ಇಳಿಯುವುದು, ಕಬ್ಬಿಣಾಂಶದ ಮಾತ್ರೆ ಸೇವಿಸದವರಲ್ಲಿ ಡಾಂಬರಿನಂಥ ಕಪ್ಪುಮಲ, 45 ವರ್ಷ ದಾಟಿದವರಲ್ಲಿ ಹೊಸದಾಗಿ ಶುರುವಾದ ಮಲಬದ್ಧತೆ, ಇವು ಕ್ಯಾನ್ಸರ್ ಸೇರಿದಂತೆ ಇತರ ರೋಗಗಳ ಸೂಚನೆಯಾಗಿರಬಹುದಾದ್ದರಿಂದ ಪರೀಕ್ಷೆ ಅಗತ್ಯ. ರಕ್ತ ಕಂಡೊಡನೆ ಮೂಲವ್ಯಾಧಿಯೆಂದು ನಿರ್ಧರಿಸಿ, ಸಂತೆಯ ದಿನ ಬಂದು ಚುಚ್ಚುಮದ್ದು ಕೊಟ್ಟುಹೋಗುವವರ ಬಳಿಗೆ ಹೋಗುವ ರೂಢಿ ಅನೇಕ ಕಡೆ ಇದೆ. ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಅಧಿನಿಯಮ, 2007 ರನ್ವಯ ನೋಂದಣಿಯಿಲ್ಲದೆ ಇಂತಹ ಚಿಕಿತ್ಸಾಲಯ ನಡೆಸುವುದು ಅಪರಾಧ. ತಮ್ಮ ವ್ಯಾಪ್ತಿಯಲ್ಲಿ ಕಂಡುಬಂದರೆ ಸದಸ್ಯರು ತಾಲ್ಲೂಕು ಆರೋಗ್ಯಾಧಿಕಾರಿಯವರಿಗೆ ಲಿಖಿತವಾಗಿ ತಿಳಿಸಬಹುದು.